ಏನನ್ನೂ ಕತ್ತರಿಸದ ಚಾಕು

ಕಿಶೋರನ ತಿಥಿಗೆ ಬಂದಿದ್ದ ಅವನ ಅಕ್ಕನ ಮನೆಯವರು ಪ್ಲೇನ್‌ಫೀಲ್ಡಿಗೆ ಹೊರಟುಹೋದ ಮರುದಿನ ಬೆಳಿಗ್ಗೆ ಏಳೂವರೆಗೆ ಕಸದ ಲಾರಿ ಬಂತು. ಕಿಶೋರ್ ಸತ್ತ ಮೇಲೆ ಆ ಮನೆಯಲ್ಲಿ ನಡೆದ ಮೊದಲ ಮಾಮೂಲಿ ಸಂಗತಿ ಅದು. ತೇಜಸ್ವಿನಿ ನೈಟಿಯ ಮೇಲೆ ಗಂಡನ ಜಾಕೆಟ್ ಹಾಕಿಕೊಂಡು, ಎರಡು ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿ, ಕಸದ ಡಬ್ಬ ಎಳೆದುಕೊಂಡು ರಸ್ತೆಗೆ ಓಡಿದಳು. ಲಾರಿಯವನು ಕೈಬೀಸಿ, ದಿನ ಚೆನ್ನಾಗಿರಲಿ ಎಂದ. ಅವಳಿಗೆ ನಗು ಬಂತು. ತಡೆಯಲು ಹೋದಳು, ಮೂಗಿನಿಂದ ಬಂತು.

ಅಳು ಮಾತ್ರ ಬಂದಿರಲಿಲ್ಲ. ಆಫೀಸಿನಲ್ಲಿ ಕಾಫಿಗೆ ಸಾಲು ನಿಂತಿದ್ದವನು ಕುಸಿದುಬಿದ್ದ, ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು, ಮೂವತ್ತಾರು ವರ್ಷ. ಇಷ್ಟನ್ನು ಅವಳು ನಲವತ್ತು ಜನಕ್ಕೆ ಫೋನಿನಲ್ಲಿ ಹವಾಮಾನ ವರದಿ ಓದಿದ ಹಾಗೆ ಹೇಳಿ ಮುಗಿಸಿದ್ದಳು. ನಗುವಾದರೋ ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ನಿನ್ನೆ ಹಿತ್ತಿಲಲ್ಲಿ ಎಡೆ ಇಟ್ಟು ಎಲ್ಲರೂ ಕಾಗೆಗೆ ಕಾದರು. ಫಾರ್ಮಿಂಗ್ಟನ್ ಹಿಲ್ಸಿನ ಕಾಗೆಗಳಿಗೆ ಈ ಪದ್ಧತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಪಕ್ಕದ ಕೊಳದಿಂದ ಒಂದು ದೊಡ್ಡ ಬಾತು ನಡೆದುಕೊಂಡು ಬಂದು ರಾಗಿಮುದ್ದೆಯನ್ನು ಗುಳುಂ ಎನಿಸಿತು. ಎಲ್ಲರೂ ಕಕ್ಕಾಬಿಕ್ಕಿ. ಅತ್ತೆ ಕೆಂಪಮ್ಮ ಮಾತ್ರ ಕೈಮುಗಿದು, "ಅಗೀದಲೆ ನುಂಗ್ತು ನೋಡ್ರವ್ವಾ. ನಮ್ಮ ಕಡೇದೇ," ಅಂದರು. ತೇಜಸ್ವಿನಿ ಬಾತ್‌ರೂಮಿಗೆ ಹೋಗಿ ಟವಲು ಕಚ್ಚಿಕೊಂಡು ನಕ್ಕಿದ್ದಳು.

ಡಬ್ಬ ಇಟ್ಟು ಬರುವಾಗ ಅಂಚೆ ಪೆಟ್ಟಿಗೆ ನೋಡಿದಳು. ಒಂದು ಲಕೋಟೆ. ಒಳಗೆ ಒಣಗಿದ ಯಾವುದೋ ಸೊಪ್ಪಿನ ಕಡ್ಡಿ, ಜೊತೆಗೊಂದು ಕಾರ್ಡು. ಅದರಲ್ಲಿ ಹೀಗಿತ್ತು: ಪ್ರಿಯ ತೇಜಸ್ವಿನಿ, ನಾವು ಭೇಟಿಯಾಗಿಲ್ಲ. ಕಿಶೋರ್ ಇಲ್ಲದೆ ನಮ್ಮ ಗುರುವಾರಗಳು ಬಿಕೋ ಎನ್ನುತ್ತಿವೆ. ಈ ಹೊತ್ತಿನಲ್ಲಿ ಕೇಳಬಾರದು, ಕ್ಷಮಿಸು. ಅಭ್ಯಾಸಕ್ಕೆಂದು ಅವನು ನಮ್ಮ ಚಾಕು ತೆಗೆದುಕೊಂಡು ಹೋಗಿದ್ದ. ಕಪ್ಪು ಹಿಡಿ, ಎರಡೂ ಕಡೆ ಅಂಚು. ಭಾನುವಾರ ನಮ್ಮ ಸುಗ್ಗಿ ಹಬ್ಬ, ಅದು ಬೇಕಾಗಿತ್ತು. ಪ್ರೀತಿಯಿಂದ, ಡಾರ್ಲೀನ್, ಲಿವೋನಿಯಾ. ಕೆಳಗೆ ಫೋನ್ ನಂಬರು, ಅದರ ಪಕ್ಕ ವೃತ್ತದೊಳಗೆ ಐದು ಮೂಲೆಯ ನಕ್ಷತ್ರ.

ಗುರುವಾರ ಸಂಜೆ ಕಿಶೋರ್ ಶಟಲ್ ಆಡಲು ಹೋಗುತ್ತಿದ್ದ. ಹತ್ತು ತಿಂಗಳಿಂದ, ಒಂದು ವಾರವೂ ತಪ್ಪದೆ.

ಗಂಡನಿಗೆ ಇನ್ನೊಬ್ಬಳಿದ್ದಳು ಎಂದು ತಿಳಿದ ಹೆಂಡತಿಗೆ ಬರಬೇಕಾದ ಕೋಪ ಬರಲಿ ಎಂದು ತೇಜಸ್ವಿನಿ ಅಲ್ಲೇ ನಿಂತು ಕಾದಳು. ಬಂದದ್ದು ಆಕಳಿಕೆ. ಗರಾಜಿಗೆ ಹೋಗಿ ಶಟಲ್ ಚೀಲ ತೆರೆದಳು. ಅದರಲ್ಲಿ ರ್ಯಾಕೆಟ್ಟೇ ಇರಲಿಲ್ಲ. ಒಂದು ಹಸಿರು ರೇಷ್ಮೆ ಬಟ್ಟೆ, ಮೇಣದಬತ್ತಿ, ಒಂದು ಡಬ್ಬಿ ಉಪ್ಪು, ಒಂದು ನೋಟ್‌ಪುಸ್ತಕ. ಪುಸ್ತಕದ ತುಂಬ ಕಿಶೋರನ ಗುಂಡು ಅಕ್ಷರ. ಮೂಡಲು ಗಾಳಿ, ತೆಂಕಲು ಬೆಂಕಿ, ಪಡುವಲು ನೀರು, ಬಡಗಲು ಮಣ್ಣು. ಒಂಬತ್ತು ಅಡಿ ಅಗಲದ ವೃತ್ತದ ಚಿತ್ರ, ಪ್ರದಕ್ಷಿಣೆಯ ಬಾಣ. ಕಾರ್ ಸೀಟು ಡಿಸೈನ್ ಮಾಡುವ ಇಂಜಿನಿಯರು ತಾನೇ, ಪಕ್ಕದಲ್ಲಿ "ಎರಡು ಇಂಚು ಹೆಚ್ಚುಕಮ್ಮಿ ನಡೆಯುತ್ತೆ" ಎಂದೂ ಬರೆದಿದ್ದ. ಮುಂದಿನ ಹಾಳೆಯಲ್ಲಿ: ಯಾರಿಗೂ ಕೇಡಾಗದ ಹಾಗೆ ನಿನಗೆ ಬೇಕಾದ ಹಾಗೆ ಬದುಕು. ಅದರ ಕೆಳಗೆ, ಎರಡು ಗೆರೆ ಎಳೆದು: ಚಾಕು ಏನನ್ನೂ ಕತ್ತರಿಸಬಾರದು. ದಾರವನ್ನು ಕೂಡ.

ಫೋನಿನಲ್ಲಿ ಹುಡುಕಲು ಐದು ನಿಮಿಷ ಸಾಕಾಯಿತು. ಅವಳ ಗಂಡ ವಾರಕ್ಕೊಂದು ಸಂಜೆ ಮಾಟಗಾತಿಯರ ಜೊತೆ ಇದ್ದ. ಹಾಗಾದರೆ ಬೇಸಿಗೆಯಲ್ಲಿ ಒಮ್ಮೆ ಅವನು ಇದೇ ಗರಾಜಿನಲ್ಲಿ ಕೈ ಚಾಚಿಕೊಂಡು ಗಿರಗಿರನೆ ಸುತ್ತುತ್ತಿದ್ದಾಗ, ಏನ್ರೀ ಇದು ಎಂದು ಕೇಳಿದ್ದಕ್ಕೆ, "ಬೆನ್ನು ಹಿಡ್ಕೊಂಡಿದೆ, ಸ್ಟ್ರೆಚ್ ಮಾಡ್ತಿದೀನಿ" ಎಂದದ್ದು!

ಚಾಕು ಮಾತ್ರ ಚೀಲದಲ್ಲಿರಲಿಲ್ಲ.

ಅಡಿಗೆಮನೆಯಲ್ಲಿ ಕೆಂಪಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದರು. ಕೈಯಲ್ಲಿ ಕಪ್ಪು ಹಿಡಿಯ, ಎರಡು ಅಂಚಿನ ಚಾಕು.

"ಅತ್ತೆ, ಅದೆಲ್ಲಿ ಸಿಕ್ತು ನಿಮಗೆ?"

"ಗರಾಜ್ನಾಗೆ, ಮಗನ ಚೀಲದಲ್ಲಿ. ತಿಥಿ ಹಿಂದಿನ ದಿನ ಹಗ್ಗ ಹುಡುಕಕ್ಕೆ ಹೋಗಿದ್ದೆ. ಈಳಿಗೆಮಣೆ ಇಲ್ದಿರೋ ಮನೆ, ಇದಾದ್ರೂ ಸಿಕ್ತಲ್ಲ ಅಂತ ತಂದೆ. ಎಷ್ಟು ಮೊಂಡಾಗಿತ್ತು ಗೊತ್ತಾ? ಹಿತ್ಲ ಮೆಟ್ಲ ಮ್ಯಾಲೆ ಅರ್ಧ ಗಂಟೆ ಮಸ್ದೆ. ಈಗ ಕೂದ್ಲು ಇಟ್ರೂ ಸೀಳ್ತದೆ."

"ಅತ್ತೆ, ಕೆಳಗಿಡಿ."

"ಯಾಕೆ, ಇನ್ನೂ ಒಂದು ಹಿಡಿ ಅದೆ."

"ಆ ಚಾಕು ಏನನ್ನೂ ಕತ್ತರಿಸಬಾರದಂತೆ."

ಕೆಂಪಮ್ಮ ಸೊಸೆಯನ್ನು ನೋಡಿದರು. ಈ ಹುಡುಗಿಗೆ ಅಂತೂ ತಲೆ ಕೆಟ್ಟಿತು ಎಂಬ ಅನುಮಾನ ಮುಖದಲ್ಲಿ ಬಂದು ಹೋಯಿತು. "ಏನೂ ಕುಯ್ದೇ ಇರೋ ಚಾಕು ಯಾಕಿರ್ಬೇಕವ್ವಾ?"

"ಪೂಜೆಗೆ."

"ಪೂಜೇದಾ! ಮೊದ್ಲೇ ಹೇಳ್ಬಾರ್ದಾ!" ಕೆಂಪಮ್ಮ ಚಾಕುವನ್ನು ಹುರುಳಿಕಾಯಿಯ ಮೇಲೆ ಬಿಟ್ಟು, ಮತ್ತೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಹದಿನೆಂಟು ಪೌಂಡ್ ಮಟನ್ ಕುಯ್ದೆನಲ್ಲವ್ವಾ ಇದ್ರಲ್ಲಿ!"

ತೇಜಸ್ವಿನಿ ಎಲ್ಲವನ್ನೂ ಹೇಳಿದಳು. ಮಾಟ ಎಂಬ ಮಾತು ಬಂದೊಡನೆ ಕೆಂಪಮ್ಮ ಕುರ್ಚಿ ಎಳೆದು ಕೂತರು.

"ನಿಂಬೆಹಣ್ಣು, ಮೊಳೆ, ಕೂದ್ಲು?"

"ಅದೆಲ್ಲ ಇಲ್ಲ ಅತ್ತೆ. ಯಾರಿಗೂ ಕೇಡು ಮಾಡಬಾರದು ಅನ್ನೋದೇ ಇವರ ದೊಡ್ಡ ನಿಯಮ. ಮರ, ಚಂದ್ರ, ಗಾಳಿ, ನೀರು, ಎಲ್ಲದರಲ್ಲೂ ದೇವರಿದೆ ಅಂತಾರೆ. ಒಂದು ಹೆಣ್ಣುದೇವರು, ಒಂದು ಕೊಂಬಿರೋ ಗಂಡುದೇವರು."

"ಕೊಂಬಾ? ಯಾತರ ಕೊಂಬು?"

"ಜಿಂಕೇದು."

"ಜಿಂಕೇದಾದ್ರೆ ಸರಿ. ಕೋಣಂದಾಗಿದ್ರೆ ಯೋಚ್ನೆ ಮಾಡ್ಬೇಕಿತ್ತು." ಹೆಚ್ಚಿದ ಹುರುಳಿಕಾಯಿಯನ್ನು ಬದಿಗೆ ಸರಿಸಿ, "ಬಡ್ಡೈದ! ಊರಲ್ಲಿ ಅರಳಿಮರ ಸುತ್ತಿ ಬಾ ಅಂದ್ರೆ ಕಾಲು ನೋಯ್ತದೆ ಅಂತಿದ್ದ. ಇಲ್ಲಿ ಬಂದು ಸುತ್ತವ್ನಾ?" ಅಂದರು.

ಅಷ್ಟರಲ್ಲಿ ಪ್ಲೇನ್‌ಫೀಲ್ಡಿನಿಂದ ಕಿಶೋರನ ಅಕ್ಕ ಲತಾಶ್ರೀಯ ಫೋನು. ಕೆಂಪಮ್ಮನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದರು. ಲತಾಶ್ರೀ ಫೋನನ್ನು ತೇಜಸ್ವಿನಿಗೆ ಕೊಡಿಸಿದಳು. ಆಮೇಲೆ, "ತೇಜು, ಇದು ಗ್ರೀನ್ ಕಾರ್ಡಿಗೆ ಪ್ರಾಬ್ಲಮ್ ಆಗಲ್ವಾ?"

"ಸತ್ತವರಿಗೆ ಗ್ರೀನ್ ಕಾರ್ಡ್ ಬೇಕಾಗಲ್ಲ ಅಕ್ಕ," ಅಂದಳು ತೇಜಸ್ವಿನಿ. ಅಂದ ಮೇಲೆ ಫೋನು ಇಟ್ಟು, ಫ್ರಿಜ್ಜಿಗೆ ಹಣೆ ಒತ್ತಿ ನಗುತ್ತ ನಿಂತಳು. ಕೆಂಪಮ್ಮ ಅವಳ ಬೆನ್ನು ಸವರಿದರು. ಅಳುತ್ತಿದ್ದಾಳೆ ಎಂದುಕೊಂಡಿರಬೇಕು.

"ನೋಡವ್ವಾ," ಅಂದರು ಕೆಂಪಮ್ಮ, ದನಿ ಬದಲಾಗಿತ್ತು. "ಸೋಮ್ವಾರ ನಾನು ಇವ್ನ ಬೂದಿ ಎತ್ಕೊಂಡು ವಿಮಾನ ಹತ್ತೋಳು. ಬುಧ್ವಾರ ಹೊಳೇಗೆ ಬಿಡೋದು. ಇಸ್ಕೊಂಡಿದ್ ವಸ್ತು ಮನೇಲಿಟ್ಕೊಂಡು ನೀರಿಗೆ ಬಿಟ್ರೆ ಅವ್ನು ದಾಟಾಕಿಲ್ಲ. ನಡುನೀರಲ್ಲಿ ನಿಂತ್ಕೋತಾನೆ. ಅವ್ರ ಚಾಕು ಅವ್ರಿಗೆ ಸೇರ್ಬೇಕು, ಭಾನ್ವಾರದೊಳಗೆ."

ತೇಜಸ್ವಿನಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಇಂಥದ್ದನ್ನು ನಂಬುವವಳಲ್ಲ. ಆದರೆ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ, ಕಾವೇರಿಯ ನಡುವೆ ನಿಂತ ಕಿಶೋರ್ ಅವಳ ಕಣ್ಣ ಮುಂದಿನಿಂದ ಹೋಗಲೊಲ್ಲ. ಅವನನ್ನು ದಾಟಿಸಬೇಕು. ಹನ್ನೆರಡು ದಿನಗಳಲ್ಲಿ ಅವಳಿಗೆ ಬೇಕು ಎನ್ನಿಸಿದ ಮೊದಲ ಸಂಗತಿ ಅದು.

"ಮಟನ್ ಕತ್ತರಿಸಿದ್ದು ಗೊತ್ತಾದ್ರೆ ವಾಪಸ್ ತಗೊಳ್ಳಲ್ಲ ಅವರು," ಅಂದಳು.

"ಗೊತ್ತಾಗೋದು ಹೆಂಗೆ? ಮಸ್ದೋಳು ನಾನು. ಮೊಂಡು ಮಾಡಕ್ಕೂ ಬತ್ತದೆ."

ಶನಿವಾರ ಇಡೀ ಬೆಳಿಗ್ಗೆ ಕೆಂಪಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಚಾಕುವಿನ ಅಂಚನ್ನು ಕಲ್ಲಿಗೆ ಅಡ್ಡಡ್ಡ ಉಜ್ಜಿದರು. ಪಕ್ಕದ ಮನೆಯಾತ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ನೋಡಿದ. ಸೀರೆಯುಟ್ಟ ಮುದುಕಿ, ಎರಡು ಅಂಚಿನ ಚಾಕು, ಕರಕರ ಸದ್ದು. ಕೆಂಪಮ್ಮ ಚಾಕು ಎತ್ತಿ ಹಿಡಿದು ಅವನಿಗೆ ನಮಸ್ಕಾರ ಮಾಡಿದರು. ಅವನು ಯಂತ್ರವನ್ನು ಒಳಗೆ ಸಾಗಿಸಿಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಚಾಕು ಬೆಣ್ಣೆಯನ್ನೂ ಕುಯ್ಯಲಾರದಷ್ಟು ಸಾಧುವಾಯಿತು. ಏನೂ ಹೇಳುವುದು ಬೇಡ, ಕೊಟ್ಟು ಬಂದುಬಿಡುವುದು ಎಂದು ಇಬ್ಬರೂ ಮಾತಾಡಿಕೊಂಡರು.

ಭಾನುವಾರ ಮಧ್ಯಾಹ್ನ ತೇಜಸ್ವಿನಿ ಲಿವೋನಿಯಾಕ್ಕೆ ಕಾರು ಬಿಟ್ಟಳು. ಎಂಟು ಮೈಲಿ. ಕೆಂಪಮ್ಮ ಪಕ್ಕದಲ್ಲಿ ಕೂತು ಬಲಗೈ ಮುಷ್ಟಿ ಬಿಗಿಹಿಡಿದಿದ್ದರು.

"ಏನತ್ತೆ ಅದು ಕೈಯಲ್ಲಿ?"

"ನಿಂಬೆಹಣ್ಣು. ಅವ್ರು ಒಳ್ಳೇರೇ ಇರ್ಬೋದು. ನಮ್ಮ ಎಚ್ಚರ ನಮ್ಮದು."

ಡಾರ್ಲೀನಳ ಮನೆ ಒಂದೇ ಅಂತಸ್ತಿನ ಚಿಕ್ಕ ಮನೆ. ಅಂಗಳದ ತುಂಬ ಸೊಪ್ಪಿನ ಗಿಡ. ಬಾಗಿಲು ತೆರೆದವಳಿಗೆ ಅರವತ್ತೈದರ ಮೇಲಾಗಿತ್ತು. ಗಿಡ್ಡ, ದಪ್ಪ, ಅಂಗಿಯ ಎದೆಯ ಮೇಲೆ ನಗುತ್ತಿರುವ ಹಲ್ಲಿನ ಚಿತ್ರ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಹಲ್ಲು ಸ್ವಚ್ಛ ಮಾಡುವ ಕೆಲಸ ತನ್ನದು, ಕಿಶೋರ್ ಗುರುತಾದದ್ದೂ ಅಲ್ಲೇ, ಎಂದಳು. "ಮುಕ್ಕಾಲು ಗಂಟೆ ಅವನ ಬಾಯಿ ನನ್ನ ಕೈಯಲ್ಲಿತ್ತು. ನಾನು ಹೇಳಿದ್ದನ್ನೆಲ್ಲ ಕೇಳದೆ ಅವನಿಗೆ ಬೇರೆ ದಾರಿಯೇ ಇರಲಿಲ್ಲ."

ತೇಜಸ್ವಿನಿ ಅದನ್ನು ಕನ್ನಡದಲ್ಲಿ ಹೇಳಿದಳು. "ನಮ್ಮ ಮಗನ್ನ ಬಾಯಿ ತೆರೆಸಿ ಮತಕ್ಕೆ ಸೇರಿಸ್ಕೊಂಡ್ಲಾ, ಕೇಳು," ಅಂದರು ಕೆಂಪಮ್ಮ.

ಡಾರ್ಲೀನ್ ಅಲ್ಲವೆಂದು ತಲೆ ಆಡಿಸಿದಳು. ಯಾರನ್ನೂ ಕರೆಯುವ ಹಾಗಿಲ್ಲ, ಬಂದವರೇ ಕೇಳಬೇಕು. ಅವನು ಕೇಳಿದ, ಬೇಡ ಅಂದೆ. ಮತ್ತೆ ಕೇಳಿದ, ಬೇಡ ಅಂದೆ. ಮೂರನೆಯ ಸಲ ಹಲ್ಲು ಹುಳುಕಿಲ್ಲದಿದ್ದರೂ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬಂದ. ಒಂದು ವರ್ಷ ಒಂದು ದಿನ ಕಲಿಯಬೇಕು, ಆಮೇಲೆ ದೀಕ್ಷೆ. ಇನ್ನು ಎರಡು ತಿಂಗಳಿತ್ತು.

"ಹಟ ಮಾತ್ರ ನಮ್ಮವ್ನದೇ," ಅಂದರು ಕೆಂಪಮ್ಮ. ಮುಷ್ಟಿ ಸ್ವಲ್ಪ ಸಡಿಲವಾಯಿತು. ಡಾರ್ಲೀನ್ ನಿಂಬೆಹಣ್ಣನ್ನು ಕಂಡು, ಅಯ್ಯೋ, ತರುವುದೇನಿತ್ತು ಎಂದು ಎರಡೂ ಕೈಯಿಂದ ತೆಗೆದುಕೊಂಡಳು. ಕೆಂಪಮ್ಮ ಬಾಯಿ ಬಿಡುವುದರೊಳಗೆ ಅದನ್ನು ಹೋಳು ಮಾಡಿ ಮೂರು ಲೋಟ ಟೀಗೆ ಹಿಂಡಿದಳು.

"ಹೋಯ್ತಲ್ಲವ್ವಾ ನನ್ನ ಕಾವಲು," ಎಂದು ಕೆಂಪಮ್ಮ ಪಿಸುಗುಟ್ಟಿ, ಟೀ ಕುಡಿದು, "ಚೆನ್ನಾಗದೆ," ಅಂದರು.

ಫ್ರಿಜ್ಜಿನ ಮೇಲೆ ಆ ಸಂಜೆಯ ಊಟದ ಪಟ್ಟಿ ಅಂಟಿಸಿತ್ತು. ಕನ್ನಡ ಕೂಟದ ಯುಗಾದಿ ಪಟ್ಟಿಯ ಹಾಗೇ ಇತ್ತು: ಪೇಪರ್ ತಟ್ಟೆ ತರುವವರು ಐದು ಜನ, ನಿಜವಾದ ಅಡಿಗೆ ತರುವವರು ಇಬ್ಬರು. ಕೊನೆಯ ಸಾಲಿನಲ್ಲಿ ಗುಂಡು ಅಕ್ಷರ. ಕಿಶೋರ್: ಹಳದಿ ಅನ್ನ.

"ಅದನ್ನು ಅಳಿಸಲು ಯಾರಿಗೂ ಮನಸ್ಸು ಬರಲಿಲ್ಲ," ಎಂದಳು ಡಾರ್ಲೀನ್. "ಹಳದಿ ಅನ್ನ ಮಾಡುತ್ತಿದ್ದವಳು ನೀನೇ ತಾನೆ? ಕಡಲೆಬೀಜ ಹಾಕಿ?"

ಶಟಲ್ ಹುಡುಗರಿಗೆ ಎಂದು ಕೇಳಿ ಕೇಳಿ ಚಿತ್ರಾನ್ನ ಮಾಡಿಸಿಕೊಂಡು ಹೋಗುತ್ತಿದ್ದ. ಹತ್ತು ತಿಂಗಳು ತಾನು ಮಾಟಗಾತಿಯರಿಗೆ ಒಗ್ಗರಣೆ ಹಾಕಿದ್ದೆನೇ! ತೇಜಸ್ವಿನಿ ಆ ಗುಂಡು ಅಕ್ಷರದ ಮೇಲೆ ಬೆರಳಿಟ್ಟಳು.

"ನನಗೆ ಯಾಕೆ ಹೇಳಲಿಲ್ಲ ಅವನು?"

"ಹೆದರಿಕೆ," ಎಂದಳು ಡಾರ್ಲೀನ್. "ನನ್ನ ಹೆಂಡತಿ ನಗುತ್ತಾಳೆ ಎನ್ನುತ್ತಿದ್ದ. ಒಮ್ಮೆ ಶುರು ಮಾಡಿದರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲವಂತೆ. ಸರಿಯಾದ ದಿನ ನೋಡಿ ಹೇಳುತ್ತೇನೆ, ಆ ನಗುವನ್ನು ಪೂರ್ತಿ ಕೂತು ನೋಡಬೇಕು, ಎನ್ನುತ್ತಿದ್ದ."

ತೇಜಸ್ವಿನಿ ಲೋಟ ಕೆಳಗಿಟ್ಟಳು. ಇದನ್ನು ಅವಳು ಕೆಂಪಮ್ಮನಿಗೆ ಹೇಳಲಿಲ್ಲ. ಚೀಲದಿಂದ ಹಸಿರು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟು, "ನಿಮಗೊಂದು ವಿಷಯ ಹೇಳಬೇಕು," ಎಂದಳು. ಕೆಂಪಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ಆ ದನಿ ತಿಳಿಯಿತು. ಮೇಜಿನ ಕೆಳಗೆ ಸೊಸೆಯ ಕಾಲು ತುಳಿದರು.

"ಇದು ಕತ್ತರಿಸಿದೆ."

"ಏನನ್ನು?"

"ಕುರಿ. ಹದಿನೆಂಟು ಪೌಂಡು." ಡಾರ್ಲೀನಳ ಮುಖ ಬಿಳಿಚಿತು. ತೇಜಸ್ವಿನಿ ನಿಲ್ಲಿಸಲಿಲ್ಲ. "ಎರಡು ಕೋಳಿ. ಒಂದು ಚೀಲ ಈರುಳ್ಳಿ. ಕೊತ್ತಂಬರಿ ಸೊಪ್ಪು, ಲೆಕ್ಕ ಇಲ್ಲ. ರಟ್ಟಿನ ಪೆಟ್ಟಿಗೆ ಆರೋ ಏಳೋ. ನಮ್ಮ ಅತ್ತೆಯ ಹೆಬ್ಬೆರಳು, ಸ್ವಲ್ಪ. ಹುರುಳಿಕಾಯಿ..." ಹುರುಳಿಕಾಯಿಗೆ ಬರುವಾಗ ದನಿ ಒಡೆಯಿತು. ನಗು ಹೊಟ್ಟೆಯಿಂದ ಎದ್ದು ಬಂತು. ಈ ಸಲ ಮೂಗೂ ಇಲ್ಲ, ಟವಲೂ ಇಲ್ಲ. ಮೇಜು ಹಿಡಿದು ನಕ್ಕಳು, ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ನಕ್ಕಳು. ಒಳಗಿನಿಂದ ಬೆಕ್ಕೊಂದು ಬಂದು ನೋಡಿ ಹೆದರಿ ಓಡಿತು. ಯಾವ ಘಳಿಗೆಯಲ್ಲಿ ಅದು ಅಳುವಾಯಿತೋ ಅವಳಿಗೂ ತಿಳಿಯಲಿಲ್ಲ. ಕೆನ್ನೆ, ಕತ್ತು, ಗಂಡನ ಜಾಕೆಟ್ಟಿನ ಕಾಲರು ಎಲ್ಲ ಒದ್ದೆ. ನಡುನಡುವೆ ಮತ್ತೆ ನಗು.

ಡಾರ್ಲೀನ್ ಗೋಡೆಯ ಗಡಿಯಾರ ನೋಡಿದಳು. "ಅರ್ಧ ಗಂಟೆ ಅಂದಿದ್ದ," ಎಂದಳು ಮೆಲ್ಲಗೆ. ಕಾದಳು.

ಕೊನೆಗೆ ತೇಜಸ್ವಿನಿ ಎದ್ದು ಕೂತಾಗ ಡಾರ್ಲೀನ್ ಕೇಳಿದಳು: "ಯಾರ ಊಟಕ್ಕೆ ಕುರಿ?"

"ಅವನದೇ. ಸತ್ತ ಹನ್ನೊಂದನೆಯ ದಿನದ್ದು."

ಡಾರ್ಲೀನ್ ಗಂಟು ಬಿಚ್ಚಿ ಚಾಕುವನ್ನು ಮುಟ್ಟದೆ ನೋಡಿದಳು. ಇಪ್ಪತ್ತೆರಡು ವರ್ಷ ಇದು ಗಾಳಿಯನ್ನು ಬಿಟ್ಟು ಬೇರೇನನ್ನೂ ಸೀಳಿರಲಿಲ್ಲ ಎಂದಳು. ವೃತ್ತ ಬರೆಯುವುದು, ಬಂದವರಿಗೆ ವೃತ್ತದಲ್ಲೊಂದು ಬಾಗಿಲು ತೆರೆಯುವುದು, ಮುಚ್ಚುವುದು, ಅಷ್ಟೇ ಇದರ ಕೆಲಸ. ಇವತ್ತು ಬಾಗಿಲು ತೆರೆಯಬೇಕಾಗಿದ್ದವನು ಕಿಶೋರ್. ನನಗೆ ಸಿಟ್ಟಿಲ್ಲ, ಎಂದಳು. ನೀವು ಸುಳ್ಳು ಹೇಳಿದ್ದರೆ ಸಿಟ್ಟು ಬರುತ್ತಿತ್ತು. ಒಬ್ಬರು ಮಾಡಿದ್ದು ಅವರಿಗೇ ಮೂರು ಪಟ್ಟಾಗಿ ತಿರುಗಿ ಬರುತ್ತದೆ ಎಂದು ನಂಬುವವರು ನಾವು. ಆದರೆ ಇದು ಇನ್ನು ಪೂಜೆಗೆ ಬಾರದು. ನೀವೇ ಇಟ್ಟುಕೊಳ್ಳಿ.

ತೇಜಸ್ವಿನಿ ಅದನ್ನೂ ಕನ್ನಡದಲ್ಲಿ ಹೇಳಿದಳು. "ಮೂರು ಪಟ್ಟಾ?" ಕೆಂಪಮ್ಮ ಮನಸ್ಸಿನಲ್ಲೇ ಐವತ್ತನಾಲ್ಕು ಪೌಂಡ್ ಕುರಿಯನ್ನು ಕಂಡರು. ಆಮೇಲೆ ಉಳಿದ ಮಾತು ತಲೆಗೆ ಹೋಯಿತು. "ಇಟ್ಕೊಳ್ಳಿ ಅಂತಾಳಾ? ಬ್ಯಾಡ ಬ್ಯಾಡ! ಇಸ್ಕೊಂಡಿದ್ದು ತಿರುಗಿ ಕೊಡ್ಲೇಬೇಕು. ತೇಜು, ಹೇಳವ್ವಾ. ನನ್ನ ಮಗ ನೀರಲ್ಲಿ ನಿಂತವ್ನೆ."

ತೇಜಸ್ವಿನಿ ಹೇಳಿದಳು. ಹೊಳೆ, ಬೂದಿ, ಬುಧವಾರ, ಮಡಚಿದ ಪ್ಯಾಂಟು. ಪ್ಯಾಂಟು ಕೆಂಪಮ್ಮ ಹೇಳಿರಲಿಲ್ಲ. ಅದನ್ನು ತಾನೇ ಸೇರಿಸಿದ್ದಳು. ಡಾರ್ಲೀನ್ ಕೈಕಟ್ಟಿ ಕೂತು ಕೇಳಿದಳು. ನಮ್ಮಲ್ಲಿ ಬೇರೆ ಥರ ಎಂದಳು. ಸತ್ತವರು ಎಂದೂ ಬೇಸಿಗೆ ಮುಗಿಯದ ಒಂದು ನಾಡಿಗೆ ಹೋಗಿ ದಣಿವಾರಿಸಿಕೊಳ್ಳುತ್ತಾರೆ. ಆಮೇಲೆ ಮತ್ತೆ ಹುಟ್ಟುತ್ತಾರೆ, ಪ್ರೀತಿಸಿದವರ ಹತ್ತಿರವೇ.

"ಹತ್ತಿರ ಅಂದರೆ ಎಷ್ಟು ಮೈಲಿ?" ಎಂದಳು ತೇಜಸ್ವಿನಿ, ಮೂಗು ಒರೆಸಿಕೊಳ್ಳುತ್ತ.

ಡಾರ್ಲೀನಳಿಗೂ ನಗು ಬಂತು. ಆದರೆ ಚಾಕುವಿನ ಮಾತಿಗೆ ಮತ್ತೆ ತಲೆ ಆಡಿಸಿದಳು. ಆಗುವುದಿಲ್ಲ.

ಕೆಂಪಮ್ಮ ಸುತ್ತಲೂ ನೋಡುತ್ತಿದ್ದರು. ಕಟ್ಟೆಯ ಮೇಲೆ ಒಂದು ಬುಟ್ಟಿ ಸೇಬು, ಎರಡು ಕುಂಬಳಕಾಯಿ, ಕಟ್ಟು ಕಟ್ಟು ಸೊಪ್ಪು. "ಕೇಳು ಇವಳನ್ನ. ಹಬ್ಬ ಅಂತಾಳೆ. ಹಬ್ಬದಲ್ಲಿ ಕುಯ್ಯೋದು ಏನೂ ಇಲ್ವಾ? ಇಷ್ಟೊಂದು ಹಣ್ಣು ಯಾತರಲ್ಲಿ ಹೆಚ್ತಾಳೆ, ಹಲ್ಲಲ್ಲಾ?"

ತೇಜಸ್ವಿನಿ ಕೇಳಿದಳು. ಡಾರ್ಲೀನ್ ಬುಟ್ಟಿಯಿಂದ ಒಂದು ಸೇಬು ಎತ್ತಿಕೊಂಡಳು. ಇದೆ, ಎಂದಳು. ಕತ್ತರಿಸುವ ಕೆಲಸಕ್ಕೆ ನಮ್ಮಲ್ಲಿ ಇನ್ನೊಂದು ಚಾಕು ಇರಬೇಕು, ಬಿಳಿ ಹಿಡಿಯದು. ಸೊಪ್ಪಿಗೆ, ಹಣ್ಣಿಗೆ, ದಾರಕ್ಕೆ. ನಮ್ಮದು ಹೋದ ಚಳಿಗಾಲದಲ್ಲಿ ಮುರಿಯಿತು. ಈಗ ಅಡಿಗೆಮನೆಯದನ್ನೇ ಬಳಸುತ್ತಿದ್ದೇವೆ. ಈ ಹಬ್ಬದಲ್ಲಿ ಸೇಬನ್ನು ಅಡ್ಡಕ್ಕೆ ಕತ್ತರಿಸುತ್ತೇವೆ, ನಡುವೆ ನಕ್ಷತ್ರ ಕಾಣುವ ಹಾಗೆ.

"ವೃತ್ತಕ್ಕೆ ಏನು ಮಾಡುತ್ತೀರಿ ಹಾಗಾದರೆ?" ಎಂದಳು ತೇಜಸ್ವಿನಿ.

"ಬೆರಳಿದೆಯಲ್ಲ. ಬೆರಳನ್ನು ನಂಬದವರಿಗೆ ಚಾಕು."

ಒಳಗಿನಿಂದ ಅವಳು ಕ್ಲಿನಿಕ್ಕಿನ ಬಿಳಿ ಟೇಪಿನ ಸುರುಳಿ ತಂದಳು. ತೇಜಸ್ವಿನಿ ಹಿಡಿಗೆ ಬಿಗಿಯಾಗಿ ಸುತ್ತಿದಳು. ಕಪ್ಪು ಒಂದಿಷ್ಟೂ ಕಾಣದಂತೆ ನಾಲ್ಕು ಸುತ್ತು. ಕೆಂಪಮ್ಮ ಅಂಚನ್ನು ಹೆಬ್ಬೆರಳಿನಿಂದ ಸವರಿ ನಾಲಿಗೆ ಕಚ್ಚಿಕೊಂಡರು. ನಿನ್ನೆ ಇಡೀ ಬೆಳಿಗ್ಗೆ ಅದನ್ನು ಮೊಂಡು ಮಾಡಿದ್ದೂ ತಾವೇ. ಯಾರನ್ನೂ ಕೇಳದೆ ಹಿತ್ತಿಲ ಮೆಟ್ಟಿಲಿಗೆ ನಡೆದರು. ಕರಕರ ಸದ್ದು ಕೇಳಿಬಂತು. ಹಬ್ಬಕ್ಕೆ ಮೊದಲು ಬಂದ ಇಬ್ಬರು ಹೆಂಗಸರು, ಕೈಯಲ್ಲಿ ಪೇಪರ್ ತಟ್ಟೆಯ ಕಟ್ಟು ಹಿಡಿದವರು, ಹಿತ್ತಿಲಿಗೆ ಬಂದು ನಿಂತು ಈ ಅಪರಿಚಿತ ಮುದುಕಿಯನ್ನು ಭಕ್ತಿಯಿಂದ ನೋಡಿದರು.

ಮಸೆದು ತಂದು ಸೊಸೆಯ ಕೈಗಿಟ್ಟರು. "ಇಸ್ಕೊಂಡೋನು ಅವ್ನು. ಕೊಡ್ಬೇಕಾದೋಳು ನೀನು."

ಡಾರ್ಲೀನ್ ಎದ್ದು ಅಂಗೈ ಚಾಚಿದಳು. ತೇಜಸ್ವಿನಿ ಇನ್ನೇನು ಕೊಡಬೇಕು, ಕೆಂಪಮ್ಮ ಅವಳ ಮೊಣಕೈ ಹಿಡಿದರು. "ಕೈಗೆ ಕೊಡಬ್ಯಾಡವ್ವಾ, ಜಗಳ ಬತ್ತದೆ. ಕೆಳಗಿಡು. ಅವಳೇ ಎತ್ಕೊಳ್ಳಲಿ."

ತೇಜಸ್ವಿನಿ ಚಾಕುವನ್ನು ಸೇಬಿನ ಬುಟ್ಟಿಯ ಪಕ್ಕ ಕಟ್ಟೆಯ ಮೇಲಿಟ್ಟಳು. ಇಟ್ಟಳು, ಕೈ ಮಾತ್ರ ಹಿಡಿಯ ಮೇಲೇ ಉಳಿಯಿತು. ಡಾರ್ಲೀನ್ ಅವಸರ ಮಾಡಲಿಲ್ಲ. ಪೇಪರ್ ತಟ್ಟೆಯವರೂ ಬಾಗಿಲಲ್ಲೇ ನಿಂತರು.

"ಬಿಡವ್ವಾ," ಅಂದರು ಕೆಂಪಮ್ಮ. "ಅವ್ರಿಗೂ ಹಬ್ಬಕ್ಕೆ ಹೊತ್ತಾಯ್ತದೆ."

ತೇಜಸ್ವಿನಿ ಬಿಟ್ಟಳು.